ಕೀಟನಾಶಕಗಳ ಶೇಷ ವಿಷವನ್ನು ಅರಗಿಸುವ ಮಣ್ಣಿನ ಜೀವಾಣುಗಳು

ಬೆಳೆಗೆ ಔಷಧಿ ಹೊಡೆದು ಮುಗಿಸಿದ ಸಂಜೆ ಬೆನ್ನಿನ ಪಂಪನ್ನು ನೀವು ಎಲ್ಲಿ ತೊಳೆಯುತ್ತೀರಿ? ಹಳ್ಳಿಗಳಿಗೆ ಹೋದಾಗಲೆಲ್ಲ ನಾನು ರೈತರಲ್ಲಿ ಕೇಳುವ ಪ್ರಶ್ನೆಯಿದು. ಹೆಚ್ಚಿನವರ ಉತ್ತರ ಒಂದೇ: “ಬಾವಿ ಕಟ್ಟೆ ಹತ್ತಿರ. ನೀರು ಇರೋದು ಅಲ್ಲೇ ಅಲ್ವಾ ಸರ್?” ಔಷಧಿ ಕಲೆಸುವುದೂ ಅಲ್ಲಿಯೇ, ಉಳಿದದ್ದನ್ನು ಚೆಲ್ಲುವುದೂ ಅಲ್ಲಿಯೇ. ಕೊಳವೆ ಬಾವಿಯಿದ್ದರೆ ಅದರ ತೊಟ್ಟಿಯ ಬದಿ. ಆ ಜಾಗವನ್ನು ಒಮ್ಮೆ ಗಮನವಿಟ್ಟು ನೋಡಿ. ಹಲವು ಕಡೆ ಅಲ್ಲಿ ಗರಿಕೆಯೂ ಸರಿಯಾಗಿ ಚಿಗುರುವುದಿಲ್ಲ. ಐವತ್ತು ಹೆಜ್ಜೆ ಆಚೆಗಿನ ಹೊಲಕ್ಕೂ ಅದೇ ಔಷಧಿ ವರ್ಷ ವರ್ಷವೂ ಬಿದ್ದಿದೆ. ಆದರೂ ಅಲ್ಲಿ ಬೆಳೆ ಬರುತ್ತಿದೆ, ಮಳೆ ಬಿದ್ದ ಮೇಲೆ ಎರೆಹುಳು ಕಾಣುತ್ತದೆ. ಒಂದೇ ಮಣ್ಣು ಒಂದು ಕಡೆ ವಿಷವನ್ನು ಅರಗಿಸಿಕೊಂಡು ಇನ್ನೊಂದು ಕಡೆ ಸೋತಿರುವುದೇಕೆ ಎಂಬುದನ್ನು ತಿಳಿದರೆ ಬಾವಿಯ ನೀರನ್ನು ಕಾಪಾಡುವ ದಾರಿಯೂ ತಿಳಿಯುತ್ತದೆ.

(ನಾವೆಲ್ಲ ರೂಢಿಯಿಂದ ‘ಔಷಧಿ’ ಎನ್ನುತ್ತೇವೆ, ಉತ್ತರ ಕರ್ನಾಟಕದಲ್ಲಿ ‘ಎಣ್ಣೆ’ ಎನ್ನುತ್ತಾರೆ. ಡಬ್ಬಿಯ ಮೇಲಿರುವ ಬಣ್ಣದ ತ್ರಿಕೋನ ಮಾತ್ರ ವಿಷವೆಂದೇ ಹೇಳುತ್ತದೆ. ಈ ಲೇಖನದಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.)

ಮಣ್ಣಿನಲ್ಲಿ ವಿಷ ಏನಾಗುತ್ತದೆ?

ಫಲವತ್ತಾದ ಒಂದು ಗ್ರಾಂ ಮಣ್ಣಿನಲ್ಲಿ ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಾ ಎಂಬ ಜೀವಾಣುಗಳಿರುತ್ತವೆ. ಇವುಗಳಲ್ಲಿ ಬಹುಪಾಲಿನ ಆಹಾರ ಕೊಳೆಯುವ ಎಲೆ, ಬೇರು, ಕೂಳೆ ಮತ್ತು ಸಗಣಿಯಲ್ಲಿರುವ ಇಂಗಾಲ. ಇಂದು ನಾವು ಬಳಸುವ ಕೀಟನಾಶಕ, ಕಳೆನಾಶಕಗಳಲ್ಲಿ ಹೆಚ್ಚಿನವು ಸಹ ಇಂಗಾಲದ ಸಂಯುಕ್ತಗಳೇ. ಆದ್ದರಿಂದ ಕೆಲವು ಬ್ಯಾಕ್ಟೀರಿಯಾಗಳು ಅವನ್ನೇ ಆಹಾರವನ್ನಾಗಿ ಮಾಡಿಕೊಂಡು ಬೆಳೆಯುತ್ತವೆ. ಇನ್ನು ಕೆಲವಕ್ಕೆ ಆ ವಿಷದಿಂದ ಯಾವ ಲಾಭವೂ ಇಲ್ಲ. ಬೇರೆ ಆಹಾರವನ್ನು ಜೀರ್ಣಿಸಲು ಅವು ತಯಾರಿಸಿದ ಕಿಣ್ವವು ಪಕ್ಕದಲ್ಲಿ ಸಿಕ್ಕಿದ ವಿಷದ ಅಣುವನ್ನೂ ಕತ್ತರಿಸಿಬಿಡುತ್ತದೆ. ಈ ಎರಡನೆಯ ಗುಂಪು ಕೆಲಸ ಮಾಡಬೇಕಾದರೆ ಅದರ ನಿತ್ಯದ ಆಹಾರ ಮಣ್ಣಿನಲ್ಲಿರಲೇಬೇಕು. ಕೊಟ್ಟಿಗೆ ಗೊಬ್ಬರ ಕಾಣದ ಹೊಲದಲ್ಲಿ ವಿಷ ಹೆಚ್ಚು ಕಾಲ ಉಳಿಯಲು ಇದೂ ಒಂದು ಕಾರಣ.

ಮಣ್ಣಿಗೆ ಬಿದ್ದ ವಿಷದಲ್ಲಿ ಅರ್ಧ ಭಾಗ ಕರಗಲು ಹಿಡಿಯುವ ಕಾಲವನ್ನು ಅರ್ಧಾಯು ಎನ್ನುತ್ತಾರೆ. ಮೆಕ್ಕೆಜೋಳಕ್ಕೆ ಹಾಕುವ ಕಳೆನಾಶಕ ಅಟ್ರಾಜಿನ್‌ಗೆ ಇದು ಸಾಧಾರಣವಾಗಿ 60 ದಿನಗಳ ಆಸುಪಾಸು. ಅಂದರೆ 60 ದಿನಕ್ಕೆ ಅರ್ಧ, 120 ದಿನಕ್ಕೆ ಕಾಲು ಭಾಗ ಉಳಿಯುತ್ತದೆ. ಆದರೆ ಇದು ಗಡಿಯಾರದ ಲೆಕ್ಕವಲ್ಲ. ಜೀವಾಣುಗಳಿಗೆ ತೇವ ಬೇಕು, ಹದವಾದ ಶಾಖ ಬೇಕು. ಮಣ್ಣು ಒಣಗಿದ ದಿನ ಅವುಗಳ ಕೆಲಸ ನಿಂತಂತೆಯೇ. ಮುಂಗಾರಿನಲ್ಲಿ ಮೆಕ್ಕೆಜೋಳಕ್ಕೆ ಅಟ್ರಾಜಿನ್ ಹಾಕಿ, ಮಳೆ ಬೇಗ ಕೈಕೊಟ್ಟು, ಅದೇ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತಿದವರಲ್ಲಿ ಕೆಲವರು ಸಸಿ ಹಳದಿಯಾಗಿ ಸುಟ್ಟಂತಾದುದನ್ನು ಕಂಡಿರಬಹುದು. ಬೀಜದ ದೋಷವೆಂದು ಅಂಗಡಿಯವರೊಡನೆ ಜಗಳಕ್ಕೆ ಹೋಗುವ ಮೊದಲು ಈ ಸಾಧ್ಯತೆಯನ್ನು ಯೋಚಿಸಬೇಕು. ನಮ್ಮ ಎರೆ ಭೂಮಿಯಲ್ಲಿ ಇದು ಹೆಚ್ಚು. ಏಕೆಂದರೆ ಕ್ಷಾರ ಗುಣದ ಮಣ್ಣಿನಲ್ಲಿ ಅಟ್ರಾಜಿನ್ ತಾನಾಗಿಯೇ ಒಡೆಯುವುದು ನಿಧಾನ. ಅಂಥ ಭೂಮಿಯಲ್ಲಿ ಶಿಫಾರಸಿಗಿಂತ ಒಂದು ಚಮಚವೂ ಹೆಚ್ಚು ಹಾಕಬಾರದು.

ಭತ್ತದ ಗದ್ದೆ ಕಲಿಸಿದ್ದು

ಈ ಕೆಲಸ ಜೀವಾಣುಗಳದ್ದೇ ಎಂದು ಹೇಗೆ ಗೊತ್ತಾಯಿತು? ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆ. ರಘು ಮತ್ತು ಐ.ಸಿ. ಮ್ಯಾಕ್‌ರೇ ಎಂಬ ವಿಜ್ಞಾನಿಗಳು ಲಿಂಡೇನ್ ಎಂಬ ಕೀಟನಾಶಕವನ್ನು ನೀರು ನಿಂತ ಗದ್ದೆ ಮಣ್ಣಿಗೆ ಸೇರಿಸಿ ಪರೀಕ್ಷಿಸಿದರು. ಮಣ್ಣನ್ನು ಮೊದಲೇ ಶಾಖದಿಂದ ನಿರ್ಜೀವಗೊಳಿಸಿದ್ದರೆ ವಿಷ ಉಳಿಯಿತು. ಜೀವವಿದ್ದ ಮಣ್ಣಿನಲ್ಲಿ ಮಾಯವಾಯಿತು. ಎರಡನೆಯ ಸಲ ಹಾಕಿದಾಗ ಮೊದಲಿಗಿಂತ ಬೇಗ ಮಾಯವಾಯಿತು. ಇದು 1966ರಲ್ಲಿ ಪ್ರಕಟವಾದ ಸಂಗತಿ. ಒಮ್ಮೆ ರುಚಿ ಕಂಡ ಜೀವಾಣುಗಳು ವೃದ್ಧಿಯಾಗಿ ಮುಂದಿನ ಊಟಕ್ಕೆ ಕಾದಿದ್ದವು ಎಂದರ್ಥ.

ಅಲ್ಲಿಯೇ ಮುಂದೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಕಂದು ಜಿಗಿಹುಳುವಿಗಾಗಿ ಡಯಾಜಿನಾನ್ ಎಂಬ ಔಷಧಿಯನ್ನು ಗದ್ದೆಯ ನೀರಿಗೆ ಹಾಕುತ್ತಿದ್ದರು. ಮೊದಮೊದಲು ಗುಣ ಕಂಡಿತು. ಅದೇ ಗದ್ದೆಗೆ ಮತ್ತೆ ಮತ್ತೆ ಹಾಕಿದಂತೆ ಹುಳು ಸಾಯುವುದು ಕಡಿಮೆಯಾಯಿತು. ಎನ್. ಸೇತುನಾಥನ್ ಕಾರಣ ಹುಡುಕಿದಾಗ, ಔಷಧಿಯು ಗದ್ದೆಯ ನೀರಿನಲ್ಲಿಯೇ ಬೇಗನೆ ಒಡೆದುಹೋಗುತ್ತಿರುವುದು ಕಂಡುಬಂತು. ಆ ನೀರಿನಿಂದ ಅವರು ಮತ್ತು ಟಿ. ಯೋಶಿದಾ ಬೇರ್ಪಡಿಸಿದ ಫ್ಲಾವೋಬ್ಯಾಕ್ಟೀರಿಯಂ ಎಂಬ ಜೀವಾಣು 1973ರಲ್ಲಿ ಪ್ರಸಿದ್ಧವಾಯಿತು. ಅದೇ ವರ್ಷ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಆರ್. ಸಿದ್ದರಾಮಪ್ಪ, ಕೆ.ಪಿ. ರಾಜಾರಾಮ್ ಮತ್ತು ಸೇತುನಾಥನ್ ಅವರು ಪ್ಯಾರಾಥಿಯಾನ್ ಬಗ್ಗೆ ಬರೆದರು. ಪ್ಯಾರಾಥಿಯಾನ್ ಸೇರಿಸಿ ನೀರು ನಿಲ್ಲಿಸಿದ ಮೆಕ್ಕಲು ಮಣ್ಣಿನಿಂದ ಅವರಿಗೆ ಎರಡು ಬಗೆಯ ಜೀವಾಣುಗಳು ಸಿಕ್ಕವು. ಸೂಡೋಮೋನಾಸ್ ಜಾತಿಯದು ವಿಷವನ್ನು ಒಡೆದು, ಒಡೆದ ತುಂಡನ್ನೂ ಮುಂದಕ್ಕೆ ಕರಗಿಸಿತು. ಬ್ಯಾಸಿಲಸ್ ಜಾತಿಯದಕ್ಕೆ ಇಡಿಯಾದ ವಿಷವನ್ನು ಮುಟ್ಟಲಾಗಲಿಲ್ಲ; ಆದರೆ ಒಡೆದುಬಿದ್ದ ತುಂಡನ್ನು ಸಲೀಸಾಗಿ ತಿಂದಿತು. ಸುಗ್ಗಿಯ ಕಣದಲ್ಲಿ ಬಡಿಯುವವರು ಒಬ್ಬರು, ತೂರುವವರು ಇನ್ನೊಬ್ಬರು ಇದ್ದಂತೆ. ಈ ಡಯಾಜಿನಾನ್, ಪ್ಯಾರಾಥಿಯಾನ್ ಎರಡೂ ಈಗ ನಮ್ಮ ದೇಶದಲ್ಲಿ ನಿಷೇಧವಾಗಿವೆ. ಪಾಠ ಮಾತ್ರ ಉಳಿದಿದೆ.

ನಮ್ಮ ರಾಜ್ಯದಲ್ಲಿಯೂ ಇಂಥ ಜೀವಾಣುಗಳು ಸಿಕ್ಕಿವೆ. ಹತ್ತಿ, ತರಕಾರಿಗೆ ಹೊಡೆಯುವ ಸೈಪರ್‌ಮೆಥ್ರಿನ್ ಅನ್ನು ಅರಗಿಸುವ ಮೈಕ್ರೋಕಾಕಸ್ ಒಂದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರಜ್ಞರು 2008ರಲ್ಲಿ ವರದಿ ಮಾಡಿದರು.

ಫಿಲಿಪ್ಪೀನ್ಸ್ ಗದ್ದೆಯ ಅನುಭವದಲ್ಲಿ ನಿಮ್ಮ ಜೇಬಿಗೆ ಸಂಬಂಧಿಸಿದ ಮಾತೊಂದಿದೆ. ಮಣ್ಣಿಗೆ ಹಾಕುವ ಕಾರ್ಬೋಫ್ಯುರಾನ್‌ನಂಥ ಹರಳು ಔಷಧಿ ಒಂದೇ ಹೊಲಕ್ಕೆ ಬೆಳೆ ಬೆಳೆಗೂ ಬಿದ್ದರೆ ಕ್ರಮೇಣ ಹುಳುವಿನ ಮೇಲೆ ನಾಟುವುದಿಲ್ಲ. ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿಯೂ ಹೀಗೆಯೇ ಆಯಿತು. ಹುಳುವಿಗೆ ನಿರೋಧ ಶಕ್ತಿ ಬಂದಿರಬಹುದು. ಅಥವಾ ಹುಳುವಿಗೆ ತಲುಪುವ ಮೊದಲೇ ಔಷಧಿಯನ್ನು ಜೀವಾಣು ತಿಂದಿರಬಹುದು. ಆಗ ರೈತರು ಮಾಡುವುದು ಪ್ರಮಾಣ ಹೆಚ್ಚಿಸುವುದು. ಎರಡನೆಯ ಕಾರಣವಿದ್ದಲ್ಲಿ ಇದರಿಂದ ಜೀವಾಣುವಿಗೆ ಇನ್ನೊಂದು ತುತ್ತು ಬಡಿಸಿದಂತಾಗುತ್ತದೆಯೇ ಹೊರತು ಹುಳು ಸಾಯುವುದಿಲ್ಲ. ಔಷಧಿಯ ಗುಂಪನ್ನೇ ಬದಲಿಸಬೇಕು, ಸಾಧ್ಯವಿದ್ದರೆ ಬೆಳೆಯನ್ನೂ ಬದಲಿಸಬೇಕು.

ಬಿ.ಎಚ್.ಸಿ. ಪುಡಿಯ ಕಥೆ

ಐವತ್ತು ದಾಟಿದ ರೈತರಿಗೆ ಬಿ.ಎಚ್.ಸಿ. ಪುಡಿಯ ವಾಸನೆ ಇನ್ನೂ ನೆನಪಿರುತ್ತದೆ. ಗದ್ದೆಗೆ, ತೊಗರಿಗೆ, ಗೆದ್ದಲಿಗೆ, ಎಲ್ಲಕ್ಕೂ ಅದೇ. ಆ ಪುಡಿಯಲ್ಲಿ ಹುಳು ಕೊಲ್ಲುವ ಗಾಮಾ ರೂಪ ಇದ್ದುದು ನೂರರಲ್ಲಿ 10ರಿಂದ 15 ಪಾಲು ಮಾತ್ರ. ಉಳಿದ ಆಲ್ಫಾ, ಬೀಟಾ ಮುಂತಾದ ರೂಪಗಳು ಕೀಟಕ್ಕೆ ಹೆಚ್ಚೇನೂ ಮಾಡದೆ ಮಣ್ಣು ಸೇರಿದವು. ಇವುಗಳಲ್ಲಿ ಬೀಟಾ ಬಹಳ ಗಟ್ಟಿ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೇವಿನ ಮೂಲಕ ದನದ ಕೊಬ್ಬಿಗೆ, ಹಾಲಿನ ಮೂಲಕ ನಮ್ಮ ಮೈಗೆ ಬರುತ್ತದೆ. ಭಾರತದಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು. ಗಾಮಾ ರೂಪವನ್ನಷ್ಟೇ ಬೇರ್ಪಡಿಸಿದ ಲಿಂಡೇನ್‌ನ ಬಳಕೆ 2013ರಲ್ಲಿ ಕೊನೆಗೊಂಡಿತು.

ಇಷ್ಟು ಗಟ್ಟಿ ವಿಷಕ್ಕೂ ಮಣ್ಣು ಉತ್ತರ ಕಂಡುಕೊಂಡಿತು. 1990ರಲ್ಲಿ ಸೇತುನಾಥನ್ ಅವರ ಕಟಕ್ ತಂಡ ಆಲ್ಫಾ, ಬೀಟಾ, ಗಾಮಾ ಮೂರನ್ನೂ ಒಡೆಯುವ ಬ್ಯಾಕ್ಟೀರಿಯಾ ಒಂದನ್ನು ವರದಿ ಮಾಡಿತು. ಇಂದು ಅದರ ಹೆಸರು ಸ್ಫಿಂಗೋಬಿಯಂ ಇಂಡಿಕಂ. ಜಪಾನಿನಲ್ಲಿ ಲಿಂಡೇನ್ ಬಿದ್ದ ಹೊಲದಲ್ಲಿಯೂ ಫ್ರಾನ್ಸಿನಲ್ಲಿಯೂ ಇದರ ದಾಯಾದಿಗಳು ಸಿಕ್ಕಿವೆ. ದೂರ ದೂರದ ದೇಶಗಳಲ್ಲಿ ಒಂದೇ ಬಗೆಯ ವಿಷ, ಒಂದೇ ಬಗೆಯ ಕಿಣ್ವ! ಈ ಕಿಣ್ವಗಳು ಅಣುವಿಗೆ ಅಂಟಿದ ಕ್ಲೋರಿನ್ನನ್ನು ಒಂದೊಂದಾಗಿ ಕಿತ್ತುಹಾಕುತ್ತವೆ. ಕ್ಲೋರಿನ್ ಹೋದ ಮೇಲೆ ಉಳಿದದ್ದು ಸಾಮಾನ್ಯ ಆಹಾರದಂತೆಯೇ ಕರಗುತ್ತದೆ.

ಹಾಗಾದರೆ ಈ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ತಂದು ಚೆಲ್ಲಿದರಾಯಿತಲ್ಲ ಎಂದು ನೀವು ಕೇಳುತ್ತೀರಿ. ಅಷ್ಟು ಸುಲಭವಿಲ್ಲ. ಲಕ್ನೋ ಬಳಿ ಲಿಂಡೇನ್ ತಯಾರಿಕೆಯ ತ್ಯಾಜ್ಯ ಸುರಿದು ಕೆಟ್ಟುಹೋದ ಮಣ್ಣಿನಲ್ಲಿ ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಮತ್ತು ಸಂಗಡಿಗರು ಇದನ್ನು ಪ್ರಯೋಗಿಸಿದರು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನ ಪುಡಿಯ ಮೇಲೆ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದನ್ನು ಮಣ್ಣಿಗೆ ಬೆರೆಸಿ, ತೇವ ಕಾಪಾಡಿದರು. ವಿಷ ಇಳಿಯಿತು. ಆದರೆ ಹೊರಗಿನಿಂದ ತಂದ ಜೀವಾಣು ಹೊಸ ಮಣ್ಣಿನಲ್ಲಿ ಸ್ಥಳೀಯ ಜೀವಾಣುಗಳೊಡನೆ ಸೆಣಸಿ ಬಹುಕಾಲ ಬಾಳುವುದು ಅಪರೂಪ. ಆಸರೆಯ ಪುಡಿ, ನೀರು, ಮರುಮರು ಬೆರೆಸುವ ಕೆಲಸ, ಎಲ್ಲವೂ ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ, ಸೂಡೋಮೋನಾಸ್ ಪುಡಿಗಳನ್ನು ತಯಾರಿಸುವುದು ಬೆಳೆ ರೋಗಕ್ಕೆ. ಅವನ್ನು ವಿಷ ತೆಗೆಯುವ ಮಂತ್ರವೆಂದು ಯಾರಾದರೂ ಮಾರಿದರೆ ಹಣ ಕೊಡಬೇಡಿ. ಹಳೆಯ ಅಟ್ಟದಲ್ಲಿ ಬಿ.ಎಚ್.ಸಿ. ಪೊಟ್ಟಣ ಇನ್ನೂ ಉಳಿದಿದ್ದರೆ ಅದನ್ನು ಮಣ್ಣಿನಲ್ಲಿ ಹೂಳುವುದಾಗಲಿ ಸುಡುವುದಾಗಲಿ ಮಾಡದೆ, ಮಕ್ಕಳ ಕೈಗೆಟುಕದಂತೆ ಇರಿಸಿ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು.

ಒಡೆದದ್ದೆಲ್ಲ ನಿರ್ವಿಷವಲ್ಲ

ಜೀವಾಣುಗಳ ಮೇಲೆ ಭಾರ ಹಾಕಿ ಸುಮ್ಮನಿರಲು ಬಾರದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಅದಕ್ಕೆ ಸಾಕ್ಷಿ. ಮಣ್ಣಿನ ಜೀವಾಣುಗಳು ಅದನ್ನು ಬದಲಾಯಿಸುತ್ತವೆ, ನಿಜ. ಆದರೆ ಹೆಚ್ಚಿನ ಪಾಲು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುತ್ತದೆ. ಅದು ಮೂಲದಷ್ಟೇ ವಿಷಕಾರಿ, ಮತ್ತು ಮಣ್ಣಿನಲ್ಲಿ ಮೂಲಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯುವ ಹೊತ್ತಿಗೆ ಅಲ್ಲಿನ ಮನೆಮನೆಗಳಲ್ಲಿ ಆದ ನೋವು ನಿಮಗೆ ತಿಳಿದೇ ಇದೆ. ಡಿ.ಡಿ.ಟಿ.ಯೂ ಹೀಗೆಯೇ ಡಿ.ಡಿ.ಇ. ಆಗಿ ಉಳಿಯುತ್ತದೆ.

ಲೋಹಗಳ ವಿಷಯ ಬೇರೆಯೇ. ತಾಮ್ರ, ಸೀಸ, ಪಾದರಸಗಳನ್ನು ಒಡೆದು ಇಲ್ಲವಾಗಿಸಲು ಯಾವ ಜೀವಾಣುವಿಗೂ ಆಗದು. ಅಡಿಕೆಯ ಕೊಳೆ ರೋಗಕ್ಕೆ ತಲೆಮಾರುಗಳಿಂದ ಬೋರ್ಡೋ ದ್ರಾವಣ ಹೊಡೆದ ಮಲೆನಾಡಿನ ತೋಟಗಳಲ್ಲಿ ತಾಮ್ರ ಮೇಲ್ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ. ಅಲ್ಲಿ ಮಣ್ಣಿನ ಹುಳಿ ಗುಣವನ್ನು ಸುಣ್ಣದಿಂದ ತಗ್ಗಿಸಿದರೆ, ಗೊಬ್ಬರ ಕೊಟ್ಟರೆ, ತಾಮ್ರ ಬಂಧಿಯಾಗುತ್ತದೆ, ಹೋಗುವುದಿಲ್ಲ.

ಬಾವಿ ಕಟ್ಟೆಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಅದಕ್ಕೆ ಒಂದು ಕಿಲೋ ಮೂಲ ವಿಷ ಬಿದ್ದರೆ ಕಿಲೋ ಮಣ್ಣಿಗೆ ಬಂದದ್ದು ಅರ್ಧ ಮಿಲಿಗ್ರಾಂ. ಜೀವಾಣುಗಳಿಗೆ ಇದು ಅರಗುವ ಪ್ರಮಾಣ. ಬಾವಿ ಕಟ್ಟೆಯಲ್ಲಿ ಬಾಟಲಿ ಜಾರಿ ಶೇಕಡಾ 20ರ ಔಷಧಿ 50 ಮಿಲಿ ಲೀಟರ್ ಚೆಲ್ಲಿತೆನ್ನಿ. ಅದರಲ್ಲಿ 10 ಗ್ರಾಂ ಮೂಲ ವಿಷವಿದೆ. ಒಂದು ಪುಟ್ಟಿಯಷ್ಟು, ಅಂದರೆ 20 ಕಿಲೋ ಮಣ್ಣು ಅದನ್ನು ಹೀರಿದರೆ ಕಿಲೋಗೆ 500 ಮಿಲಿಗ್ರಾಂ: ಹೊಲದ ಮಣ್ಣಿನ ಸಾವಿರ ಪಟ್ಟು. ಅಷ್ಟು ವಿಷದಲ್ಲಿ ಅರಗಿಸಬೇಕಾದವರೇ ಸಾಯುತ್ತಾರೆ. ಅದೂ ಸಾಲದೆಂಬಂತೆ ಅಲ್ಲಿ ಮೇಲ್ಮಣ್ಣು ತುಳಿದು ಗಟ್ಟಿಯಾಗಿರುತ್ತದೆ, ಗೊಬ್ಬರವಿಲ್ಲ, ದಿನವೂ ನೀರು ಬಿದ್ದು ವಿಷವನ್ನು ಕೆಳಕ್ಕೆ ತಳ್ಳುತ್ತದೆ. ಕೆಳಗೆ ಹೋದಂತೆ ಜೀವಾಣುಗಳ ಸಂಖ್ಯೆ ತೀರ ಕಡಿಮೆ.

ಬಾವಿಗೆ ಇಳಿದರೆ ಏನಾಗುತ್ತದೆ ನೋಡಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅಟ್ರಾಜಿನ್ ಲೀಟರಿಗೆ 2 ಮೈಕ್ರೋಗ್ರಾಂ ಮೀರಬಾರದು. ಆ ಲೆಕ್ಕದಲ್ಲಿ ಒಂದೇ ಗ್ರಾಂ ಅಟ್ರಾಜಿನ್ 5 ಲಕ್ಷ ಲೀಟರ್ ನೀರನ್ನು ಮಿತಿಗೆ ತಂದು ನಿಲ್ಲಿಸುತ್ತದೆ. ಆರು ಮೀಟರ್ ಅಗಲದ, ಆರು ಮೀಟರ್ ನೀರಿರುವ ದುಂಡು ಬಾವಿಯಲ್ಲಿರುವುದು ಸುಮಾರು 1,70,000 ಲೀಟರ್. ಶೇಕಡಾ 50ರ ಪುಡಿ ಎರಡೇ ಗ್ರಾಂ ಅದರೊಳಗೆ ಬಿದ್ದರೆ ಸಾಕು, ಮಿತಿಯ ಸುಮಾರು ಮೂರು ಪಟ್ಟಾಯಿತು. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ನಿಮಗೆ ತಿಳಿಯುವುದಿಲ್ಲ. ಮನೆಯವರು ಅದೇ ನೀರು ಕುಡಿಯುತ್ತಿರುತ್ತಾರೆ.

ತೊಳೆಗುಂಡಿ ಮಾಡಿಕೊಳ್ಳುವ ವಿಧಾನ

ಸ್ವೀಡನ್ ದೇಶದ ರೈತರು 1993ರಿಂದ ಒಂದು ಸರಳ ಉಪಾಯ ಮಾಡಿಕೊಂಡಿದ್ದಾರೆ. ಅದಕ್ಕೆ ಬಯೋಬೆಡ್ ಎಂದು ಹೆಸರು. ನಾವು ತೊಳೆಗುಂಡಿ ಎನ್ನೋಣ. ಔಷಧಿ ಕಲೆಸುವ, ಪಂಪು ತೊಳೆಯುವ ಜಾಗದಲ್ಲಿಯೇ ಗುಂಡಿ ತೋಡಿ, ಜೀವಾಣುಗಳಿಗೆ ಹಬ್ಬದೂಟದಂಥ ಮಿಶ್ರಣ ತುಂಬಿಸಿ, ಮೇಲೆ ಹುಲ್ಲು ಬೆಳೆಸುತ್ತಾರೆ. ಚೆಲ್ಲಿದ ಔಷಧಿ ಅದರಲ್ಲಿ ಹಿಡಿದಿಟ್ಟುಕೊಂಡು ನಿಧಾನವಾಗಿ ಕರಗುತ್ತದೆ. ಆ ವಿಧಾನ ಆಮೇಲೆ ಯೂರೋಪಿನ ಬೇರೆ ದೇಶಗಳಿಗೂ ಲ್ಯಾಟಿನ್ ಅಮೆರಿಕಕ್ಕೂ ಹಬ್ಬಿತು.

ನಮ್ಮ ಬೆನ್ನಿನ ಪಂಪಿಗೆ ದೊಡ್ಡ ಗುಂಡಿ ಬೇಡ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 60 ಸೆಂ.ಮೀ. ಆಳ ಸಾಕು. ಬಾವಿ, ಕೊಳವೆ ಬಾವಿ, ಕಾಲುವೆಗಳಿಂದ ದೂರ, ಅವಕ್ಕಿಂತ ಇಳಿಜಾರಿನ ಕೆಳಗೆ ಜಾಗ ಆರಿಸಬೇಕು. ತಳಕ್ಕೆ ಹತ್ತು ಸೆಂ.ಮೀ. ಜೇಡಿಮಣ್ಣು ಹಾಕಿ ಒದ್ದೆ ಮಾಡಿ ಚೆನ್ನಾಗಿ ತುಳಿಯಿರಿ. ಕೆರೆಯ ಗೋಡು ಸಿಕ್ಕಿದರೆ ಉತ್ತಮ. ಇದರ ಮೇಲಿನ 50 ಸೆಂ.ಮೀ.ಗೆ ಕತ್ತರಿಸಿದ ಹುಲ್ಲು ಎರಡು ಪಾಲು, ಮೇಲ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ಪಾಲು, ಇವನ್ನು ಅಳತೆಯ ಪುಟ್ಟಿಯಿಂದ ಎಣಿಸಿ ಬೆರೆಸಿ ತುಂಬಬೇಕು. ಸ್ವೀಡನ್ನಿನವರು ಕಾಂಪೋಸ್ಟಿನ ಬದಲು ತಮ್ಮಲ್ಲಿ ಸಿಗುವ ಜೌಗು ನೆಲದ ಪೀಟ್ ಹಾಕುತ್ತಾರೆ. ನಮಗೆ ಅದು ಬೇಕಿಲ್ಲ. ಭತ್ತದ ಹುಲ್ಲಾಗಲಿ ರಾಗಿ ಹುಲ್ಲಾಗಲಿ ನಡೆಯುತ್ತದೆ. ಹುಲ್ಲಿನ ಮೇಲೆ ಬೆಳೆಯುವ ಬಿಳಿ ಶಿಲೀಂಧ್ರಗಳೂ ವಿಷವನ್ನು ಒಡೆಯುವುದರಲ್ಲಿ ಬ್ಯಾಕ್ಟೀರಿಯಾಗಳಷ್ಟೇ ಗಟ್ಟಿಗರು, ಆದ್ದರಿಂದ ಹುಲ್ಲನ್ನು ಕಡಿಮೆ ಮಾಡಬೇಡಿ. ಮೇಲ್ಮಣ್ಣನ್ನು ನೀವು ಆ ಔಷಧಿ ಹೊಡೆಯುತ್ತ ಬಂದ ಹೊಲದಿಂದಲೇ ತೆಗೆಯಿರಿ. ಆ ವಿಷದ ರುಚಿ ಕಂಡ ಜೀವಾಣುಗಳು ಇರುವುದು ಅಲ್ಲಿಯೇ. ಗದ್ದೆಯಲ್ಲಿ ಔಷಧಿಯನ್ನು ಕೆಡಿಸುವ ಅದೇ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮಿಶ್ರಣವನ್ನು ಗುಂಡಿಗೆ ತುಂಬುವ ಮೊದಲು ಒಂದೆರಡು ತಿಂಗಳು ರಾಶಿ ಮಾಡಿ ತೇವವಾಗಿಟ್ಟು ಹದಗೊಳಿಸಬೇಕು. ಮೇಲೆ ಗರಿಕೆ ನೆಡಿ. ಅದು ಬೆಂದು ಹಳದಿಯಾದರೆ ಗುಂಡಿಗೆ ವಿಷ ಹೆಚ್ಚಾಯಿತೆಂದು ತಿಳಿಯಬೇಕು.

ಮಲೆನಾಡು, ಕರಾವಳಿಯ ಮಳೆಗೆ ಮೇಲೊಂದು ಸೋಗೆಯ ಚಪ್ಪರ ಕಡ್ಡಾಯ. ಇಲ್ಲವಾದರೆ ಗುಂಡಿ ತುಂಬಿ ಹರಿದು ಮಾಡಿದ್ದೆಲ್ಲ ವ್ಯರ್ಥ. ಬಯಲು ಸೀಮೆಯಲ್ಲಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಚಿಮುಕಿಸಿ ತೇವ ಉಳಿಸಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹುಲ್ಲು ಕೊಳೆತು ಮಟ್ಟ ತಗ್ಗಿದಂತೆ ಪ್ರತಿ ವರ್ಷ ಅದೇ ಮಿಶ್ರಣ ಸೇರಿಸಿ.

ಗುಂಡಿಗೆ ಬೀಳಬೇಕಾದದ್ದು ಪಂಪು ತೊಳೆದ ನೀರು ಮತ್ತು ಕಲೆಸುವಾಗ ಚೆಲ್ಲಿದ ಹನಿ ಮಾತ್ರ. ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಸುರಿದು ಹೊಲಕ್ಕೆ ಹೊಡೆಯಬೇಕು. ದುಡ್ಡು ಕೊಟ್ಟ ಔಷಧಿಯೇ ಅದು. ಕಲೆಸಿ ಉಳಿದದ್ದನ್ನೂ ಹಾಗೆಯೇ, ಅದೇ ಬೆಳೆಯ ಅಂಚಿಗೆ. ಅವಧಿ ಮೀರಿದ ಔಷಧಿಯನ್ನು ಗುಂಡಿಗೆ ಹಾಕಿದರೆ ಬಾವಿ ಕಟ್ಟೆಯ ಸಾವಿರ ಪಟ್ಟಿನ ಲೆಕ್ಕ ಇಲ್ಲಿಗೂ ಬಂತು. ತಾಮ್ರದ ದ್ರಾವಣಗಳನ್ನೂ ಹಾಕಬಾರದು. ಅದು ಕರಗುವುದಿಲ್ಲ, ಜೀವಾಣುಗಳಿಗೂ ಶಿಲೀಂಧ್ರಗಳಿಗೂ ಮಾರಕ. ಕೆಲವು ವರ್ಷಗಳ ನಂತರ ಮಿಶ್ರಣವನ್ನು ಬದಲಿಸುವಾಗ ತೆಗೆದದ್ದನ್ನು ನೇರ ಹೊಲಕ್ಕೆ ಚೆಲ್ಲದೆ, ದನಕರು ಬಾರದ ಕಡೆ ರಾಶಿ ಹಾಕಿ ಇನ್ನೊಂದು ವರ್ಷ ಕಳಿಯಲು ಬಿಡಬೇಕು.

ಸಂಶಯವಿದ್ದ ಮಣ್ಣಿಗೆ ಬೀಜ ಪರೀಕ್ಷೆ

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಿ.ಎಚ್.ಸಿ. ಬಿದ್ದ ಮಣ್ಣನ್ನು ಜೀವಾಣುಗಳಿಂದ ಶುದ್ಧಿ ಮಾಡಿದ ಮೇಲೆ ಅದು ಗುಣವಾಯಿತೋ ಇಲ್ಲವೋ ಎಂದು ನೋಡಲು ಮೂಲಂಗಿ ಮತ್ತು ಹೆಸರು ಕಾಳಿನ ಮೊಳಕೆಯನ್ನು ಬಳಸಿದರು. 2004ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ವಿಷದಿಂದ ಮೊಳಕೆಗಿದ್ದ ಅಡ್ಡಿ ಜೀವಾಣು ಬಳಸಿದ ಮೇಲೆ ನೀಗಿತು. ಈ ಕ್ರಮವನ್ನು ನೀವು ಮನೆಯಲ್ಲಿಯೇ ಮಾಡಬಹುದು. ಎರಡು ಕುಂಡ ತೆಗೆದುಕೊಂಡು ಒಂದಕ್ಕೆ ಸಂಶಯದ ಮಣ್ಣು, ಇನ್ನೊಂದಕ್ಕೆ ಔಷಧಿ ಕಾಣದ ಬದುವಿನ ಮಣ್ಣು ತುಂಬಿ, ಪ್ರತಿಯೊಂದಕ್ಕೂ ಇಪ್ಪತ್ತು ಹೆಸರು ಕಾಳು, ಇಪ್ಪತ್ತು ಸೌತೆ ಬೀಜ ಬಿತ್ತಿ, ಸಮನಾಗಿ ನೀರು ಕೊಡಿ. ಮೊಳಕೆ ಬಂತೆಂದು ಐದನೆಯ ದಿನಕ್ಕೇ ಕೈಬಿಡಬೇಡಿ. ಅಟ್ರಾಜಿನ್ ಮೊಳಕೆಯನ್ನು ತಡೆಯುವುದಿಲ್ಲ. ಎಲೆ ಬಿಟ್ಟು ಬಿಸಿಲಿಗೆ ಆಹಾರ ತಯಾರಿಸತೊಡಗಿದ ಮೇಲೆ ಎಲೆಯ ಅಂಚಿನಿಂದ ಹಳದಿಯಾಗಿ ಒಣಗಿಸುತ್ತದೆ. ಆದ್ದರಿಂದ ಮೂರು ವಾರ ಕಾದು ಎರಡು ಕುಂಡಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಹಿಂಗಾರಿ ಕಡಲೆ ಬಿತ್ತುವ ಮೂರು ವಾರ ಮೊದಲೇ ಮೆಕ್ಕೆಜೋಳದ ಹೊಲದ ಮಣ್ಣಿನಿಂದ ಇದನ್ನು ಮಾಡಿಕೊಂಡರೆ ಬೀಜದ ಹಣ ಉಳಿಯುತ್ತದೆ. ಸಸಿ ಹಳದಿಯಾದರೆ ಆ ಹೊಲಕ್ಕೆ ಕಡಲೆಯ ಬದಲು ಜೋಳ ಹಾಕಿ. ಇದು ಮುಖ್ಯವಾಗಿ ಕಳೆನಾಶಕಗಳ ಪರೀಕ್ಷೆ. ಗಿಡಕ್ಕೆ ತಾಗದ ಕೀಟನಾಶಕದ ಶೇಷ ಮನುಷ್ಯರಿಗೆ ತಾಗಬಹುದು. ಆದ್ದರಿಂದ ಬಾವಿಯ ನೀರಿನ ಬಗ್ಗೆ ಸಂಶಯವಿದ್ದರೆ ಕುಂಡದ ಹಸಿರನ್ನು ನಂಬಿ ಕೂರದೆ, ನೀರನ್ನು ಕೀಟನಾಶಕ ಶೇಷ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕಳುಹಿಸಬೇಕು, ವರದಿ ಬರುವವರೆಗೆ ಕುಡಿಯುವ ನೀರನ್ನು ಬೇರೆ ಕಡೆಯಿಂದ ತರಬೇಕು.